ದನಿ ಹೋದ ಇಂದುಮತಿಯನ್ನು ಕೇಳಿಸಿಕೊಂಡವರಿಗೆ

ಹುಬ್ಬಳ್ಳಿ
2171ನೆಯ ಇಸವಿ, ಮೂರನೇ ಶ್ರಾವಣದ ಹುಣ್ಣಿಮೆ

ಮಾನ್ಯರೇ,

ಒಂದೇ ವರ್ಷಕ್ಕೆ ಮೂರು ಶ್ರಾವಣ ಹೇಗೆ ಬಂದವು ಎಂದು ಕೇಳಬೇಡಿ. ಮಳೆ ತನ್ನ ಲೆಕ್ಕ ಬದಲಿಸಿತು, ಪಂಚಾಂಗ ಅದರ ಹಿಂದೆ ಹೋಯಿತು. ನನ್ನ ಕನ್ನಡವೂ ನಿಮ್ಮ ಕಿವಿಗೆ ಅಲ್ಲಲ್ಲಿ ತೊಡರೀತು, ಕ್ಷಮಿಸಿ. ನಿಮ್ಮ ಹೆಸರುಗಳು ನನಗೆ ಗೊತ್ತಿಲ್ಲ. ನನಗಿಂತ ಸುಮಾರು ಒಂದೂವರೆ ಶತಮಾನ ಹಿಂದೆ, ಸಾಯಬೇಕೆಂಬ ಯೋಚನೆ ಕಾಡುವ ವಯಸ್ಕರಿಗಾಗಿ ಮೊಬೈಲಿನಲ್ಲೇ ಒಂದು ಚಿಕಿತ್ಸೆ ಕಟ್ಟಿ, ಅದು ಫಲಿಸುತ್ತದೆಯೇ ಇಲ್ಲವೇ ಎಂದು ಪರೀಕ್ಷಿಸುತ್ತಿರುವ ವೈದ್ಯರು, ಸಮಾಲೋಚಕರು, ಪ್ರೋಗ್ರಾಮು ಬರೆಯುವವರು ನೀವು ಎಂದಷ್ಟೇ ಗೊತ್ತು. ನಿಮ್ಮ ಪರೀಕ್ಷೆಗೆ ಸೇರಿದ್ದ ಒಬ್ಬ ಹೆಂಗಸಿಗೆ ಮುಂದೇನಾಯಿತು ಎಂದು ತಿಳಿಸಲು ಈ ಪತ್ರ.

ಮೊದಲು ನಮ್ಮ ದಿನಚರಿ ಹೇಳಿಬಿಡುತ್ತೇನೆ. ನಾನು ಕಿವಿಗಾರ್ತಿ. ಪ್ರತಿ ಓಣಿಗೂ ಒಂದು ಕೂಡುಕಟ್ಟೆ ಇದೆ. ಮೇಲೆ ನೆರಳು, ಪಕ್ಕದಲ್ಲಿ ಚಹಾದ ಒಲೆ. ಬಂದವರು ಹೇಳಿದ್ದನ್ನು ಕೇಳಿಸಿಕೊಳ್ಳಲು ಕಲಿತವರೊಬ್ಬರು ಅಲ್ಲಿ ಕೂತಿರುತ್ತಾರೆ, ಅವರೇ ಕಿವಿಗಾರರು. ತರಕಾರಿ ಕೊಂಡು ಹೋಗುವವರು ಚೀಲ ಕೆಳಗಿಟ್ಟು, "ಇವತ್ತು ನನಗ ಮೋಡ ಕವದೈತಿ ನೋಡವ್ವಾ" ಎನ್ನುತ್ತಾರೆ. ಬದುಕು ಬೇಡವೆನಿಸುತ್ತಿದೆ ಎಂದು ಅದರ ಅರ್ಥ. ಪಕ್ಕದಲ್ಲಿರುವವರು ಬೆಚ್ಚುವುದಿಲ್ಲ, ಸ್ವಲ್ಪ ಸರಿದು ಜಾಗ ಬಿಡುತ್ತಾರೆ. ನಿಮ್ಮ ಕಾಲದಲ್ಲಿ ಆ ಮಾತನ್ನು ಬಾಯಿಬಿಟ್ಟು ಹೇಳುವುದು ಎಷ್ಟು ಕಷ್ಟವಿತ್ತೆಂದು ನಾನು ತಿಳಿದದ್ದು ನನ್ನ ಮುತ್ತಜ್ಜಿಯ ಅಜ್ಜಿಯ ಅಕ್ಕ ಇಂದುಮತಿ ಹೂಗಾರ ಮುದಿವಯಸ್ಸಿನಲ್ಲಿ ತನ್ನ ಒಡಕು ದನಿಯಲ್ಲಿ ಹೇಳಿ ದಾಖಲಿಸಿಟ್ಟ ಕಥೆಯಿಂದ.

ಇಂದುಮತಿ ಹುಬ್ಬಳ್ಳಿ–ಧಾರವಾಡದ ನಡುವೆ ಓಡುವ ಬಸ್ಸಿನ ಕಂಡಕ್ಟರ್. ಮದುವೆಯಾಗಿರಲಿಲ್ಲ, ತಂಗಿ ಶಶಿಕಲಾಳ ಮನೆಯಲ್ಲಿದ್ದಳು. ಆಕೆಯ ಆಸ್ತಿಯೆಂದರೆ ಗಂಟಲು. ಹಿಂದಿನ ಬಾಗಿಲಲ್ಲಿ ನಿಂತು "ಉಣಕಲ್ ಇಳಿಯಾವ್ರು ಮುಂದ ಬರ್ರೀ" ಎಂದರೆ ನಿದ್ದೆ ಹೋದವರೂ ಎದ್ದು ನಿಲ್ಲುತ್ತಿದ್ದರಂತೆ. ನಲವತ್ತರ ಹೊತ್ತಿಗೆ ಆ ಗಂಟಲಲ್ಲೇ ಗಡ್ಡೆ ಬೆಳೆಯಿತು. ಶಸ್ತ್ರಚಿಕಿತ್ಸೆಯಿಂದ ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಪಿಸುಮಾತು. ಅವಳನ್ನು ಬಸ್ಸಿನಿಂದ ಇಳಿಸಿ ಡಿಪೋದಲ್ಲಿ ಟಿಕೆಟ್ ಮಷೀನು ಕೊಡುವ ಕೋಣೆಯಲ್ಲಿ ಕೂರಿಸಿದರು. ಫೋನು ಬಂದರೆ ಎತ್ತುವುದನ್ನು ಬಿಟ್ಟಳು. ಅಂಗಡಿಗೆ ಹೋಗುವುದನ್ನು ಬಿಟ್ಟಳು. ಕೊನೆಗೆ ಊಟ ಬಿಟ್ಟಳು. ಶಶಿಕಲಾ ಗಾಬರಿಯಾಗಿ ಆಸ್ಪತ್ರೆಗೆ ಕರೆದೊಯ್ದಾಗ, ಅವಳಿಗೆ ಸಾಯುವ ಯೋಚನೆ ಕಾಡುತ್ತಿದೆಯೆಂದು ವೈದ್ಯರಿಗೆ ಅರ್ಥವಾಯಿತು. ಕೆಲವು ದಿನ ಒಳಗಿಟ್ಟುಕೊಂಡು ಔಷಧ ಕೊಟ್ಟರು. ಮನೆಗೆ ಹೋದ ಮೇಲಿನ ವಾರಗಳೇ ಹೆಚ್ಚು ಅಪಾಯದವು ಎಂದು ಹೇಳಿ, ಅವಳ ಒಪ್ಪಿಗೆ ಪಡೆದು, ನಿಮ್ಮ ಚಿಕಿತ್ಸೆಯನ್ನು ಅವಳ ಮೊಬೈಲಿಗೆ ಹಾಕಿದರು.

ಸಹಾಯವಾಣಿಗೆ ಫೋನು ಮಾಡಲು ಅವಳಿಗೆ ದನಿ ಇರಲಿಲ್ಲ. ನಿಮ್ಮದು ಬೆರಳಿನಿಂದ ಹೇಳಿದರೂ ಕೇಳಿಸಿಕೊಳ್ಳುತ್ತಿತ್ತು. ಬೆಳಗಿನ ಚಹಾ ಮುಗಿಯುವಷ್ಟರಲ್ಲಿ ಒಂದು ಪುಟ್ಟ ಪಾಠ. ಸಾಯುವ ಯೋಚನೆ ಏರುತ್ತದೆ, ಏರಿದ್ದು ಇಳಿಯುತ್ತದೆ, ಇಳಿಯುವವರೆಗೆ ಮಾಡಬೇಕಾದದ್ದೇನು ಎಂಬ ಅಭ್ಯಾಸ. "ಇವತ್ತು ಸಾಯಬೇಕೆನಿಸಿತೇ?" ಎಂದು ಅದು ನೇರವಾಗಿ ಕೇಳಿದಾಗ ಅವಳು ಮೊಬೈಲನ್ನು ಮಗುಚಿ ಇಟ್ಟು ಅತ್ತಳಂತೆ. ಮನೆಯಲ್ಲಿ ಎಲ್ಲರೂ "ಉಂಡೀಯೇನ?" ಎಂದು ಕೇಳುತ್ತಿದ್ದರು, ಇದನ್ನು ಯಾರೂ ಕೇಳಿರಲಿಲ್ಲ. ಅವಳು ಬರೆದ ಉತ್ತರ ಓದಿ ಆ ಕಡೆಯಿಂದ ಸಮಾಲೋಚಕಿಯೊಬ್ಬರು ಮರಳಿ ಬರೆಯುತ್ತಿದ್ದರು. ಕಷ್ಟ ಬಂದಾಗ ಯಾರನ್ನು ಕರೆಯುತ್ತೀರಿ ಎಂದಾಗ ತಂಗಿಯ ಜೊತೆ ಮೌಲಾಲಿಯ ಹೆಸರು ಬರೆದಳು. ಮೌಲಾಲಿ ಅವಳ ಬಸ್ಸಿನ ಡ್ರೈವರ್.

ಒಂದು ಮಧ್ಯಾಹ್ನ ಹೊಸ ಕಂಡಕ್ಟರೊಬ್ಬ ಮಷೀನು ಒಯ್ಯಲು ಬಂದವನು ಅವಳ ಪಿಸುಮಾತನ್ನು ಅಣಕಿಸಿದ. ಹಿಂದಿದ್ದವರು ನಕ್ಕರು. ಅವರು ಹೋದ ಮೇಲೆ ಆ ಯೋಚನೆ ಒಮ್ಮೆಲೇ ಮೇಲೆದ್ದಿತು. ಅವಳು ಬಾಗಿಲು ಮುಂದೆ ಮಾಡಿದಳು. ಆಮೇಲೆ, ಯಾಕೆಂದು ತನಗೂ ತಿಳಿಯದೆ, ಮೊಬೈಲು ತೆಗೆದಳು. ಎಷ್ಟು ತೀವ್ರ ಎಂದು ಅದು ಕೇಳಿತು; ತುಂಬಾ ಎಂದು ಒತ್ತಿದಳು. ಅದು ಉಪದೇಶ ಮಾಡಲಿಲ್ಲ. ಒಂಟಿಯಾಗಿರಬೇಡಿ, ಇವರನ್ನು ಕರೆಯಿರಿ ಎಂದು ಅವಳೇ ಬರೆದಿದ್ದ ಹೆಸರುಗಳನ್ನು ಮುಂದಿಟ್ಟಿತು. ಮೌಲಾಲಿಗೆ "ಬಾ" ಎಂದು ಕಳಿಸಿದಳು.

ಅವನು ಬಸ್ಸಿನಿಂದ ಇಳಿದು ಓಡುತ್ತಲೇ ಬಂದ.

"ಏನಾತ್ರೀ ಇಂದೂ ಅಕ್ಕಾರ?"

"ಸಾಕಾಗೇತಿ ಅಣ್ಣಾ," ಎಂದು ಅವಳು ಉಸಿರಿನಲ್ಲೇ ಹೇಳಿದಳು. "ಎಲ್ಲಾ ಸಾಕಾಗೇತಿ."

ಅವಳು ಮೊಬೈಲನ್ನು ಅವನ ಕಡೆ ತಿರುಗಿಸಿದಳು. ಜೊತೆಗಿರುವವರು ಏನು ಮಾಡಬೇಕೆಂದು ಅಲ್ಲಿತ್ತು. ಅವನು ನಿಧಾನ ಓದಿ, ಟೊಪ್ಪಿಗೆ ತೆಗೆದು ಮೇಜಿನ ಮೇಲಿಟ್ಟ.

"ಸಾಯ್ಬೇಕಂತ ಅನಸಾಕತ್ತೇತೇನ್ರೀ?"

ಅವಳು ತಲೆಯಾಡಿಸಿದಳು.

"ಆತು. ನಾ ಇಲ್ಲೇ ಕುಂಡರ್ತೀನಿ. ಗಾಡಿ ಬ್ಯಾರೇದವ್ರು ಒಯ್ಯಲಿ." ಅವಳು ಪಿಸುದನಿಯಲ್ಲೇ ಹೊಸ ಕಂಡಕ್ಟರನ ಅಣಕದ ಸಂಗತಿ ಹೇಳಿದಾಗ ಅಂದ: "ಆ ಹುಡುಗಗ ನಿಮ್ಮಂಗ ಒದರಾಕ ಇನ್ನೂ ಹತ್ತು ಜನ್ಮ ಬೇಕ್ರಿ."

ಅವಳಿಗೆ ಅಳುವಿನ ನಡುವೆ ನಗು ಬಂತು. ಶಶಿಕಲಾ ಬಂದಳು, ಸಮಾಲೋಚಕಿ ಸಂದೇಶ ಕಳಿಸಿದರು, ಅಕ್ಕ, ತಂಗಿ, ಮೌಲಾಲಿ ಮೂವರೂ ಕೂಡಿ ವೈದ್ಯರ ಬಳಿ ಹೋದರು.

ಆ ಒಂದೇ ದಿನಕ್ಕೆ ಎಲ್ಲ ನೆಟ್ಟಗಾಯಿತು ಎಂದರೆ ಸುಳ್ಳಾದೀತು. ಯೋಚನೆ ಮತ್ತೆ ಬಂತು. ಒಮ್ಮೆ ಚಾರ್ಜು ಮುಗಿದು ಮೊಬೈಲು ಸತ್ತುಬಿದ್ದಿತ್ತು. ಅಷ್ಟರಲ್ಲಿ ಪಾಠ ಬಾಯಿಗೆ ಬಂದಿದ್ದರಿಂದ ತಾನೇ ಎದ್ದು ಪಕ್ಕದ ಮನೆಗೆ ಹೋಗಿ ಕೂತಳು. ಮರುವರ್ಷ ಕುತ್ತಿಗೆಗೆ ಸೀಟಿ ಕಟ್ಟಿಕೊಂಡು ಬಸ್ಸು ಹತ್ತಿದಳು. ನಿವೃತ್ತಿಯಾಗುವಾಗ ಅರ್ಧ ದನಿ ಮರಳಿತ್ತು. ತೊಂಬತ್ತರ ಹತ್ತಿರ ಬದುಕಿ, ತಂಗಿಯ ಮೊಮ್ಮಕ್ಕಳ ಮದುವೆಗಳಲ್ಲಿ ಊಟದ ಪಂಕ್ತಿಯನ್ನು ಗದರಿಸಿ ಕೂರಿಸಿದಳು.

ನಿಮ್ಮ ಕಾಲದ ಮೊಬೈಲೊಂದನ್ನು ಇಲ್ಲಿ ಗಾಜಿನ ಪೆಟ್ಟಿಗೆಯಲ್ಲಿಟ್ಟಿದ್ದಾರೆ. ಜಾಹೀರಾತು, ಜಗಳ, ಸುಳ್ಳುಸುದ್ದಿ ತುಂಬಿಕೊಂಡಿದ್ದ ಅಷ್ಟು ಪುಟ್ಟ ವಸ್ತುವಿನೊಳಗೆ ಒಬ್ಬರ ಪ್ರಾಣ ಕಾಯುವಷ್ಟು ಜಾಗ ಹುಡುಕಿದಿರಲ್ಲ ಎಂದು ಅದರ ಮುಂದೆ ನಿಂತಾಗಲೆಲ್ಲ ಬೆರಗಾಗುತ್ತೇನೆ. ನಿಮ್ಮ ಫಲಿತಾಂಶದ ಅಂಕಿಗಳು ನೀವು ಬಯಸಿದಷ್ಟು ದೊಡ್ಡವಾಗಿರಲಿಕ್ಕಿಲ್ಲ. ಅರ್ಧಕ್ಕೇ ಬಿಟ್ಟವರಿರುತ್ತಾರೆ. ಉಳಿಸಿಕೊಳ್ಳಲಾಗದವರ ಹೆಸರು ನಿಮ್ಮ ಎದೆಯಲ್ಲಿ ಕೂತಿರುತ್ತದೆ.

ಅದಕ್ಕೇ ಒಂದು ಕೋರಿಕೆ. ದಿನವಿಡೀ ಇಂಥ ಉತ್ತರಗಳನ್ನೇ ಓದುವವರು ನೀವು. ನಿಮ್ಮಲ್ಲೇ ಯಾರಿಗಾದರೂ ಬದುಕು ಬೇಡವೆನಿಸಿದರೆ ತಿಳಿದವರೆಂಬ ಸಂಕೋಚದಿಂದ ಮುಚ್ಚಿಡಬೇಡಿ. ಪಕ್ಕದ ಕುರ್ಚಿಯವರನ್ನು ಕರೆದು ಹೇಳಿ. ಅವರು ಕೆಲಸ ನಿಲ್ಲಿಸಿ ನಿಮ್ಮ ಕಡೆ ತಿರುಗಲಿ.

ನಿಮ್ಮ ಋಣದಲ್ಲಿರುವ,
ಬೆಳವಲಾ ಹೂಗಾರ
ಕಿವಿಗಾರ್ತಿ, ಉಣಕಲ್ ಕೂಡುಕಟ್ಟೆ