ಕಿಟಕಿ ತೆಗೀರಿ ಅಂದದ್ದು

ಯಗಟಿ
12-3-2026, ಗುರುವಾರ

ಚಿ. ಸೌ. ಭವ್ಯಳಿಗೆ,

ನಿನ್ನ ಅಪ್ಪನ ಆಶೀರ್ವಾದ. ಶಿವನಿಯಲ್ಲಿ ನೀನು, ಅಳಿಯಂದಿರು ಚೆನ್ನಾಗಿದ್ದೀರೆಂದು ನಂಬಿದ್ದೇನೆ. ನಾನು ಆರಾಮ. ಮನೆ ಮಾತ್ರ ಅರ್ಧ ನಿಂತಿದೆ, ಅರ್ಧ ಬಿದ್ದಿದೆ. ನೀನು ಫೋನಿಗೆ ಕಳಿಸಿದ ಕಿಟಕಿಗಳ ಚಿತ್ರ ನೋಡಿ ಹತ್ತು ದಿನವಾದರೂ ಉತ್ತರ ಕೊಡಲಿಲ್ಲವೆಂದು ಬೇಸರ ಮಾಡಿಕೊಳ್ಳಬೇಡ. ಫೋನಿನಲ್ಲಿ ಹೇಳೋಣವೆಂದರೆ ನಾನು ಒಂದು ಮಾತು ಹುಡುಕುವಷ್ಟರಲ್ಲಿ ನೀನು ಮೂರು ಆಡಿರುತ್ತೀಯ. ಅದಕ್ಕೇ ಕಾಗದ.

ಮೊನ್ನೆ ಕಡೂರಿಗೆ ಹೋಗಿದ್ದೆ. ಕಿಟಕಿ ಅಂಗಡಿಯ ಓಂಕಾರೇಶ್ ಕುರ್ಚಿ ಕೊಟ್ಟು, ನೀನು ಕಳಿಸಿದ ಚಿತ್ರಗಳನ್ನು ನೋಡಿ, "ಕೇಸ್‌ಮೆಂಟ್ ಬೇಕಾ ಸಾರ್, ಸ್ಲೈಡಿಂಗಾ?" ಎಂದ. ನನಗೆ ಬೇಸ್‌ಮೆಂಟ್ ಎಂದು ಕೇಳಿಸಿತು. "ನಮ್ದು ನೆಲಮಾಳಿಗೆ ಇರೋ ಮನೆ ಅಲ್ಲಪ್ಪ" ಎಂದೆ. ಪಾಪ, ನಗಲಿಲ್ಲ. "ಬಾಗ್ಲು ಥರ ಇರೋದು ಕೇಸ್‌ಮೆಂಟು, ಪಕ್ಕಕ್ಕೆ ಜಾರೋದು ಸ್ಲೈಡಿಂಗು. ಮಲಗೋ ಕೋಣೆಗೆ ನಿಮ್ಮ ಮಗಳು ಆರಿಸಿರೋದು ಫಿಕ್ಸೆಡ್ಡು" ಎಂದು ಬಿಡಿಸಿ ಹೇಳಿದ. ಫಿಕ್ಸ್ ಎಂದರೆ ರಿಪೇರಿ ಮಾಡು ಎಂದು ಪಿಯುಸಿಯಲ್ಲಿ ಓದಿದ ನೆನಪು. "ರಿಪೇರಿ ಆಗಿರೋದು ಬೇಡ, ಹೊಸದೇ ಕೊಡಿ" ಎಂದುಬಿಟ್ಟೆ. ಆಗ ನಕ್ಕ. ಗೋಡೆಗೆ ಕೂರಿಸುವ ದೊಡ್ಡ ಗಾಜಂತೆ ಅದು. ಬೆಳಕು ಬರುತ್ತದೆ, ಧೂಳು ಬರುವುದಿಲ್ಲ, ಗಾಳಿಯೂ ಬರುವುದಿಲ್ಲ. ಸೋಮವಾರದೊಳಗೆ ಹೇಳಬೇಕಂತೆ. ಏನು ಹೇಳಲಿ ಎಂದು ತಿಳಿಯದೆ ಬಸ್ ಹತ್ತಿದೆ.

ಮನೆಯಲ್ಲಿ ಇನ್ನೊಂದು ಕಾದಿತ್ತು. ಬೆಳಿಗ್ಗೆ ಹೊರಡುವಾಗ ಗಾರೆ ಕೆಲಸದ ಕಲ್ಲೇಶನಿಗೆ, "ಅಡುಗೆಮನೇಲಿ ಧೂಳು ಕಣಯ್ಯ, ಕಿಟ್ಕಿ ತೆಗಿ" ಎಂದಿದ್ದೆ. ಬಂದು ನೋಡಿದರೆ ಚೌಕಟ್ಟು, ಸರಳು ಸಮೇತ ಕಿಟಕಿ ತುಳಸಿಕಟ್ಟೆಗೆ ಒರಗಿ ನಿಂತಿದೆ. ಗೋಡೆಯ ಕಂಡಿಯಿಂದ ಪಕ್ಕದ ಕಲ್ಲಮ್ಮನ ಮೇಕೆ ತಲೆ ತೂರಿಸಿ ನನ್ನನ್ನೇ ನೋಡುತ್ತಿದೆ.

"ಏನಯ್ಯಾ ಇದು?"

"ತೆಗಿ ಅಂದ್ರಲ್ಲ, ತೆಗ್ದೆ."

"ಗಾಳಿ ಆಡ್ಲಿ ಅಂತ ಹೇಳಿದ್ದು ಕಣೋ."

"ಈಗ ಚೆನ್ನಾಗೇ ಆಡ್ತೈತಲ್ಲ ಬಿಡಿ" ಎಂದ. ನನ್ನ ಮುಖ ನೋಡಿ, "ಗಾರೆಯೋನಿಗೆ ತೆಗಿ ಅಂದ್ರೆ ಕೀಳೋದೇ ಗುರುಮೂರ್ತಣ್ಣ. ಮಂಚದ್ ಮೇಲೆ ಮಲಗಿರೋರು ಅಂದ್ರೆ ಗಾಳಿಗೆ. ಹೇಳೋರ್ ಯಾರು ಅಂತ ನೋಡ್ಬೇಕಲ್ವಾ?" ಎಂದ.

ನಾನೂ ನಕ್ಕೆ. ನಗು ನಡುವೆ ಎಲ್ಲೋ ನಿಂತುಹೋಯಿತು.

ಈಗ ನಿನ್ನ ಅಮ್ಮ ಮಲಗುತ್ತಿದ್ದ ಕೋಣೆಯ ಕಿಟಕಿ ಕೀಳಲು ಕಲ್ಲೇಶ ಹಾರೆ ಹಿಡಿದು ನಿಂತಿದ್ದಾನೆ. ಎರಡು ದಿನದಿಂದ ಇರಲಿ ತಡಿ ಎನ್ನುತ್ತಿದ್ದೇನೆ. "ಅಮ್ಮ ಕೊನೇಲಿ ಕೇಳಿದ್ದು ಅದೊಂದೇ ಅಪ್ಪಾ, ಆ ಹಾಳು ಕಿಟ್ಕಿ ತೆಗ್ಸಿ" ಎಂದು ನೀನು ಹೇಳುತ್ತಲೇ ಬಂದದ್ದು ಮರೆತಿಲ್ಲ. ವರ್ಷದ ಕಾರ್ಯ ಮುಗಿದದ್ದೇ ಮನೆ ಕೆಲಸ ಶುರು ಮಾಡಿದ್ದೂ ಆ ಮಾತಿಗೇ. ಆದರೂ ಕೈ ಬರುತ್ತಿಲ್ಲ. ಫಿಕ್ಸೆಡ್ಡೋ, ಕೇಸ್‌ಮೆಂಟೋ, ಹಳೆಯದೇ ಇರಲೋ, ತಲೆ ಗಿರ್ರೆನ್ನುತ್ತಿದೆ.

ಈ ಸಲ ಎಳನೀರು ಸಿಹಿಯಾಗಿದೆ. ಅಳಿಯಂದಿರು ಈ ಕಡೆ ಬಂದರೆ ಒಂದು ಗೊನೆ ಕಳಿಸುತ್ತೇನೆ. ಬಿಸಿಲಲ್ಲಿ ಓಡಾಡಬೇಡ. ನಿನ್ನ ಮನೆ ಸದಾ ತುಂಬಿರಲಿ ಎಂದು ಹರಸುವ,

ನಿನ್ನ ಅಪ್ಪ
ಗುರುಮೂರ್ತಿ

ಮೇಲೆ ಬರೆಯಲಾಗದೆ ಉಳಿದದ್ದು: ಅಮ್ಮ ಕಿಟಕಿ ತೆಗೆಸಲು ಹೇಳಿದಳು ಎಂದು ನಿನಗೆ ಹೇಳಿದವನು ನಾನೇ. ಅವಳು ಮಂಚದ ಮೇಲಿಂದ ಅಂದದ್ದು, "ಕಿಟ್ಕಿ ತೆಗೀರಿ." ಅಷ್ಟೇ. ಮಧ್ಯಾಹ್ನ ಮೂರು ಗಂಟೆ, ಸೆಕೆ. ಗೆದ್ದಲು ಹಿಡಿದ ಕಿಟಕಿ ಎಂದು ಮೊದಲಿನಿಂದ ಗೊಣಗುತ್ತಿದ್ದಳಲ್ಲ, ಅದೇ ರಾಗ ಎಂದುಕೊಂಡೆ. "ದೀಪಾವಳಿ ಕಳೀಲಿ ಕಣೇ, ತೆಗ್ಸಣ" ಎಂದು ಹೇಳಿ ಕಾಯಿ ಕೀಳುವವರ ಹತ್ತಿರ ಹೋದೆ. ಬರುವಷ್ಟರಲ್ಲಿ ಮುಗಿದಿತ್ತು.

ಇಂಗ್ಲಿಷಿನಲ್ಲಿ ಓಪನ್ ಬೇರೆ, ರಿಮೂವ್ ಬೇರೆ. ನಮ್ಮಲ್ಲಿ ಎರಡಕ್ಕೂ ತೆಗಿ. ನಿನ್ನೆ ಹೋಗಿ ಆ ಕಿಟಕಿಯ ಕದ ತಳ್ಳಿದೆ. ಮರ ಹಿಗ್ಗಿ ಕಚ್ಚಿಕೊಂಡಿದೆ, ಇನ್ನು ಅಲ್ಲಾಡುವುದಿಲ್ಲ ಎಂದೇ ಇಷ್ಟು ವರ್ಷ ನಂಬಿದ್ದೆ. ಒಂದೇ ಸಲ ತಳ್ಳಿದ್ದಕ್ಕೆ ಗಾಳಿ ಒಳಗೆ ಬಂತು ಮಗಳೇ.

ನೀನು ಆರಿಸಿದ ಗಾಜನ್ನು ಯಾರು ಕೇಳಿದರೂ ತೆಗೆಯಲು ಬರುವುದಿಲ್ಲ. ಸೋಮವಾರ ಓಂಕಾರೇಶನಿಗೆ ಏನು ಹೇಳಲಿ, ನೀನೇ ತಿಳಿಸು. ಫೋನಿಗೇ ಇಂಗ್ಲಿಷಿನಲ್ಲಿ ಬರೆದು ಕಳಿಸು, ಒಂದೇ ಪದ ಸಾಕು. ನಾನು ಇನ್ನೊಂದು ಸಲ ತಪ್ಪು ತಿಳಿಯಬಾರದು.