ರೆಪ್ಪೆಗೆ ಸಿಕ್ಕ ಸೊನ್ನೆ

ಮಾರ್ಚ್ ೩, ಮಂಗಳವಾರ

ಮೊಮ್ಮಗಳು ಜೀವಶಾಸ್ತ್ರದ ಪ್ರಯೋಗ ಪರೀಕ್ಷೆಯಲ್ಲಿ ಎಲೆಯ ಚಿತ್ರ ಬರೆಯುವ ಬದಲು ತನ್ನ ಕಣ್ಣಿನ ರೆಪ್ಪೆಕೂದಲನ್ನೇ ಬರೆದು ಸೊನ್ನೆ ತಂದಿದ್ದಾಳೆ. ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟದ್ದು ಅವತ್ತೇ ಮೊದಲು, ಕಂಡದ್ದನ್ನು ಬರೆದಳು. ತರಗತಿಯೆಲ್ಲ ನಕ್ಕಿತಂತೆ. "ವಿಜ್ಞಾನ ಬಿಟ್ಬಿಡ್ತೀನಿ ಅಜ್ಜಿ" ಎಂದು ನಿನ್ನೆಯಿಂದ ಒಂದೇ ರಾಗ.

ಇವತ್ತು ಅವಳ ಜೊತೆ ಶಾಲೆಗೆ ಹೋದೆ. ಇರುವ ಒಂದೇ ಸೂಕ್ಷ್ಮದರ್ಶಕ ಬೀರುವಿನೊಳಗೆ, ಪರೀಕ್ಷೆಯ ದಿನ ಬಿಟ್ಟರೆ ಬೀರುವಿಗೆ ಸದಾ ಬೀಗ.

"ಮಕ್ಕಳು ಒಡೆದ್ರೆ ನಾನು ಉತ್ತರ ಕೊಡ್ಬೇಕಮ್ಮ" ಎಂದರು ಮೇಷ್ಟ್ರು.

"ನೀರಿಗೇ ಇಳಿಸದೆ, ಈಜು ಬರಲ್ಲ ಅಂತ ಸೊನ್ನೆ ಕೊಟ್ರಾ ಮೇಷ್ಟ್ರೇ?" ಎಂದೆ.

ಪಾಪ, ಒಳ್ಳೆಯ ಮನುಷ್ಯ. ಬೀಗ ತೆಗೆದು ಅವಳಿಗೆ ನೋಡುವ ಬಗೆ ಹೇಳಿಕೊಟ್ಟರು. ಆಮೇಲೆ ನಾನು ಬಗ್ಗಿದೆ. ಬರೀ ಕಪ್ಪು ಗೀಟುಗಳು.

"ಅದು ನಿನ್ನ ರೆಪ್ಪೆ ಅಜ್ಜಿ. ಸ್ವಲ್ಪ ಹಿಂದೆ ಸರಿ" ಎಂದು ಕತ್ತೆಮರಿ ನನ್ನ ತಲೆ ಹಿಡಿದು ಸರಿಮಾಡಿದಳು. ಆಗ ಕಂಡಿತು: ಎಲೆಯ ಮೈತುಂಬ ಪುಟ್ಟ ಪುಟ್ಟ ಬಾಯಿಗಳು. ನನಗಿಂತ ಬಾಯಾಳಿ ಈ ಎಲೆ ಎಂದುಕೊಂಡೆ.

ನಾಳೆ ಎಲ್ಲ ಮಕ್ಕಳಿಗೂ ತೋರಿಸುತ್ತಾರಂತೆ. ಇವಳು ಹಿತ್ತಲಿನ ಎಲೆಗಳನ್ನೆಲ್ಲ ಕಿತ್ತು ತಂದು ನನ್ನ ಹಾಸಿಗೆಯ ಮೇಲೆ ಹರವಿ, ಅವುಗಳ ಪಕ್ಕದಲ್ಲೇ ನಿದ್ದೆ ಹೋಗಿದ್ದಾಳೆ. ಎಬ್ಬಿಸಿ ಬೈಯಬೇಕು, ಮನಸ್ಸು ಬರುತ್ತಿಲ್ಲ. ಗೋಡೆಗೆ ಒರಗಿಯೇ ಕಣ್ಣು ಮುಚ್ಚುತ್ತೇನೆ, ಒಂದು ಎಲೆಯೂ ಮುದುಡದ ಹಾಗೆ.