ನಮ್ಮ ಓಣಿಯಲ್ಲಿ ಇನ್ಸುಲಿನ್ ನಿಂತದ್ದು ಯಾರಿಂದ?

ಕೊಟ್ಟೂರು, 1983

ಮಾನ್ಯ ಆರೋಗ್ಯಾಧಿಕಾರಿಗಳೇ,

ಕೊಟ್ಟೂರಿನ ಇಬ್ಬರು ಹೆಂಗಸರು ಇನ್ಸುಲಿನ್ ಬಿಟ್ಟದ್ದು ಮೂಢನಂಬಿಕೆಯಿಂದ ಎಂದು ತಾವು ಪತ್ರಿಕೆಗೆ ಹೇಳಿಕೆ ಕೊಟ್ಟಿದ್ದೀರಿ. ಅದು ಸುಳ್ಳು. ಅವರಲ್ಲಿ ಒಬ್ಬಳು ಸೈದಾ ಬೀ, ನನ್ನ ಹೆಂಡತಿ, ಈಗ ಮಣ್ಣಿನಲ್ಲಿದ್ದಾಳೆ. ಇನ್ನೊಬ್ಬರು ಪಕ್ಕದ ಮನೆಯ ನಾಗಲಿಂಗಮ್ಮ, ಇನ್ನೂ ಉಸಿರಾಡುತ್ತಿದ್ದಾರೆ. ಅದಕ್ಕೇ ಈ ಪತ್ರ. ಬರೀ ಸತ್ತವಳಿಗಾಗಿ ಆಗಿದ್ದರೆ ತಮ್ಮ ಅಮೂಲ್ಯ ಸಮಯವನ್ನು ಹಾಳು ಮಾಡುತ್ತಿರಲಿಲ್ಲ.

ಈ ಔಷಧ ನಮ್ಮ ಓಣಿಯಲ್ಲಿ ವರ್ಷಗಟ್ಟಲೆ ಹೇಗೆ ನಡೆಯಿತು ಎಂದು ತಾವು ಯಾರನ್ನೂ ಕೇಳಲಿಲ್ಲ. ನಮ್ಮಲ್ಲಿ ಫ್ರಿಜ್ ಇಲ್ಲ. ನಾಗಲಿಂಗಮ್ಮನವರ ಅಡುಗೆಮನೆಯಲ್ಲಿ ಕುಡಿಯುವ ನೀರಿನ ಹರವಿಯ ಕೆಳಗೆ ಒದ್ದೆ ಮರಳಿತ್ತು. ಇಬ್ಬರ ಬಾಟಲಿಗಳೂ ಅದರಲ್ಲೇ ತಣ್ಣಗೆ ಕೂತಿರುತ್ತಿದ್ದವು. ಬೆಳಿಗ್ಗೆ ನನ್ನ ಹೆಂಡತಿ ಗಾಜಿನ ಸಿರಿಂಜುಗಳನ್ನು ಕುದಿಸಿ ಒಯ್ಯುತ್ತಿದ್ದಳು. ಆಕೆಯ ಕಣ್ಣು ಮಂಜಾಗಿತ್ತು, ಸಿರಿಂಜಿನ ಗೆರೆ ಕಾಣುತ್ತಿರಲಿಲ್ಲ. ನಾಗಲಿಂಗಮ್ಮನವರು ಲಿಂಗಪೂಜೆ ಮುಗಿಸಿ ಬಂದು, ಅಳೆದು, ಮೊದಲು ಆಕೆಗೆ ಚುಚ್ಚಿ ಆಮೇಲೆ ತಾವು ಚುಚ್ಚಿಕೊಳ್ಳುತ್ತಿದ್ದರು. “ಅಂಜಬ್ಯಾಡ ಬೀ, ಇರಿವಿ ಕಡದಂಗ ಆಗತೈತಿ” ಎಂದು ಇವರು. “ನಿಮ್ಮ ಇರಿವಿಗೆ ಹಲ್ಲು ಭಾಳ ಅದಾವ ಅಕ್ಕ” ಎಂದು ಆಕೆ. ತಮ್ಮ ಇಲಾಖೆಯ ಯಾವ ಯೋಜನೆಯೂ ಇಷ್ಟು ಚೆಂದ ನಡೆದದ್ದನ್ನು ನಾನು ಕಂಡಿಲ್ಲ. ನಾನು ಪಂಪ್‌ಸೆಟ್ ರಿಪೇರಿಗೆ ಉಜ್ಜಿನಿ, ಕೋಗಳಿ ಎಂದು ಅಲೆಯುವವ. ನಾಗಲಿಂಗಮ್ಮನವರಿದ್ದಾರೆ ಎಂಬ ಧೈರ್ಯದ ಮೇಲೆ ಮನೆ ಬಿಡುತ್ತಿದ್ದೆ.

ಆಗ ತಾವು ದಯಮಾಡಿಸಿದಿರಿ. ಸಕ್ಕರೆ ಕಾಯಿಲೆಯ ತಿಳಿವಳಿಕೆ ಸಭೆ, ಹಾರ, ಮೈಕು. ವಿಜ್ಞಾನದ ಮಹಿಮೆ ಸಾರುವ ಹುರುಪಿನಲ್ಲಿ, ಇನ್ಸುಲಿನ್ನನ್ನು ದನದ ಮತ್ತು ಹಂದಿಯ ಮೇದೋಜೀರಕ ಗ್ರಂಥಿಯಿಂದ ತೆಗೆಯುತ್ತಾರೆ ಎಂದಿರಿ. ನಿಜ ಹೇಳಬೇಡಿ ಎನ್ನುವವನು ನಾನಲ್ಲ. ಆದರೆ ನಾಗಲಿಂಗಮ್ಮನವರು ಎದ್ದು ನಿಂತು, “ಸಾಹೇಬ್ರ, ನಾವು ತಗೊಳ್ಳೋ ಬಾಟ್ಲಿಯಾಗ ಯಾವುದರದು ಐತ್ರಿ? ಇವು ಯಾವೂ ಇಲ್ಲದ್ದು ಸಿಗತೈತೇನ್ರಿ?” ಎಂದು ಕೇಳಿದರಲ್ಲ, ತಾವು ಕೊಟ್ಟ ಉತ್ತರವೇನು? “ಔಷಧಕ್ಕೆ ಜಾತಿ ಇಲ್ಲಮ್ಮ, ಕೂತ್ಕೋ.” ಸಭೆ ಗೊಳ್ಳೆಂದು ನಕ್ಕಿತು. ನೆಟ್ಟಗೆ ಒಂದು ಮಾತು ಹೇಳಿದ್ದರೆ ತಮ್ಮ ಯಾವ ಗಂಟು ಹೋಗುತ್ತಿತ್ತು? ಅವರು ತಲೆ ತಗ್ಗಿಸಿ ಕೂತರು.

ಮರುದಿನ ಸಿರಿಂಜು ಹಿಡಿದು ಹೋದ ನನ್ನ ಹೆಂಡತಿಯ ಮುಂದೆ ಅವರು ಅತ್ತರು. “ಲಿಂಗ ಹಿಡಿಯೋ ಕೈಯಾಗ ಇದನ್ನ ಹೆಂಗ ಹಿಡೀಲಿ ಬೀ? ಔಷಧಕ್ಕ ದೋಷ ಇಲ್ಲ ಅಂತ ಅಯ್ಯನೋರು ಹೇಳ್ಯಾರ. ನನ್ನ ಕೈ ಕೇಳವಲ್ದು.” ನಮ್ಮ ಮಸೀದಿಯ ಹಜರತ್ತರೂ, ಜೀವ ಉಳಿಯಲು ಬೇರೆ ದಾರಿ ಇಲ್ಲದಿದ್ದರೆ ತಗೋಬಹುದು ಎಂದೇ ಹೇಳಿದ್ದರು. ಸೈದಾಳಿಗೆ ಔಷಧದ ಮೇಲೆ ಒಂದು ಚೂರೂ ಅಸಹ್ಯವಿರಲಿಲ್ಲ. ಹಾಗಾದರೆ ಆಕೆಯ ಮೂಢನಂಬಿಕೆ ಎಲ್ಲಿತ್ತು ಸ್ವಾಮಿ? ಆಕೆಗೆ ಚುಚ್ಚುವವರು ಇಲ್ಲವಾಗಿದ್ದರು, ಅಷ್ಟೇ.

ಊರಲ್ಲಿದ್ದ ದಿನ ನಾನೇ ಹಾಕಿದೆ. ಇಲ್ಲದ ದಿನ ಆಸ್ಪತ್ರೆ. ಅಲ್ಲಿ ಡಾಕ್ಟರು ಬರುವ ತನಕ ಉಪವಾಸ ಕೂರಬೇಕು. ಬಂದ ಮೇಲೆ ಗಂಡಸರು ಕಿಕ್ಕಿರಿದ ವರಾಂಡದಲ್ಲಿ ತೋಳು ತೋರಿಸಬೇಕು. ಕೆಲವು ಸಲ ಹೋದಳು. ಒಂದು ಬೆಳಿಗ್ಗೆ ಬುರ್ಖಾ ಮಡಿಚಿಟ್ಟು, “ಇನ್ನ ಸಾಕು” ಎಂದಳು. ಆಮೇಲೆ ನಾನು ಊರಲ್ಲಿಲ್ಲದ ದಿನಗಳೆಲ್ಲ ಔಷಧವಿಲ್ಲದೆಯೇ ಕಳೆದವು. ನಾಗಲಿಂಗಮ್ಮನವರನ್ನೇ ಇನ್ನೊಮ್ಮೆ ಬೇಡಿಕೊಳ್ಳೋಣ ಎಂದರೆ ನನ್ನ ಮೇಲೇ ರೇಗಿದಳು: “ಆಕಿ ಮನಸು ಮುರದು ನಾ ಬದುಕಬೇಕೇನು?” ಮಳೆಗಾಲ ಮುಗಿಯುವ ಮೊದಲೇ ಹೊರಟುಹೋದಳು.

ಈಗ ನಾಗಲಿಂಗಮ್ಮನವರು ನಮ್ಮ ಹೊಸ್ತಿಲಲ್ಲಿ ಕೂತು, “ಆಕೀನ ನಾನ ಕೊಂದೆ ಭಾಯಿ. ನನಗ್ಯಾಕ ಔಷಧ?” ಎನ್ನುತ್ತಾರೆ. ಅವರು ಇನ್ನೂ ಇನ್ಸುಲಿನ್ ಮುಟ್ಟದಿರುವುದು ದನದ ಕಾರಣಕ್ಕಲ್ಲ, ಈ ಸಂಕಟಕ್ಕೆ. ಹಾರ ತಮಗೆ, ಪಾಪ ಆ ತಾಯಿಗೆ. ಅವರ ಕಾಲ್ಬೆರಳು ಕಪ್ಪಾಗುತ್ತಿದೆ.

ಆದ್ದರಿಂದ ಇನ್ನೊಂದು ಹೇಳಿಕೆ ಬೇಡ. ಸೂಜಿ ಹಾಕಬಲ್ಲ ನರ್ಸಮ್ಮನೊಬ್ಬರನ್ನು ಜೀಪಿನಲ್ಲಿ ಕೂರಿಸಿಕೊಂಡು ನಮ್ಮ ಓಣಿಗೆ ಬನ್ನಿ. ನಾಗಲಿಂಗಮ್ಮನವರ ಎದುರು ಕೂತು ಅವರು ಕೇಳಿದ್ದಕ್ಕೆ ಉತ್ತರ ಕೊಡಿ; ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಎನ್ನಿ. ಆಮೇಲೆ, ಸೈದಾ ಬೀ ಸತ್ತದ್ದು ನಿಮ್ಮಿಂದಲ್ಲ ತಾಯಿ ಎಂದು ತಾವೇ ಬಾಯಿಬಿಟ್ಟು ಹೇಳಿ. ನಾನು ಹೇಳಿ ಹೇಳಿ ಸೋತಿದ್ದೇನೆ. ಸಮಾಧಾನಕ್ಕೆ ಹೇಳುತ್ತಾನೆ ಅಂದುಕೊಳ್ಳುತ್ತಾರೆ. ತಪ್ಪು ಮಾಡಿದವರೇ ಬಂದು ಹೇಳಿದರೆ ನಂಬಿಯಾರು.

ಇಂತಿ,
ತಮ್ಮ ಹೇಳಿಕೆಯ ಪ್ರಕಾರ ಮೂಢಳೊಬ್ಬಳ ಗಂಡ,
ಜಮಾಲುದ್ದೀನ
ಪಂಪ್‌ಸೆಟ್ ಮೆಕ್ಯಾನಿಕ್